ಅರ್ಧ ಟನ್ ಕೊಕೇನ್, ಮೇಲೇಳದ ವಿಮಾನ: ಮಣ್ಣಿನ ರನ್‌ವೇ ಲೆಕ್ಕ ಏನು?

2020ರ ಜುಲೈ 26ರಂದು ಪಪುವಾ ನ್ಯೂಗಿನಿಯ ಪಾಪಾ ಲಿಯಾ ಲಿಯಾದಲ್ಲಿ 500 ಕೆ.ಜಿ.ಗೂ ಹೆಚ್ಚು ಕೊಕೇನ್ ತುಂಬಿದ್ದ ಸೆಸ್ನಾ 402ಸಿ ವಿಮಾನ ಟೇಕಾಫ್ ಆಗುವಾಗಲೇ ಬಿತ್ತು. ಪೈಲಟ್ ಬದುಕುಳಿದ. ಸರಕಿನ ಭಾರವೂ ಕಾರಣ ಆಗಿರಬಹುದು, ಇದರ ಹಿಂದೆ ದುರಾಸೆ ಇದೆ ಅಂದರು ಆಸ್ಟ್ರೇಲಿಯಾ ಪೊಲೀಸರು.

ಲೆಕ್ಕ ಸರಳ. ಮೆದು ಮಣ್ಣು ಚಕ್ರ ಹಿಡಿಯುತ್ತೆ, ವೇಗ ಬರಲ್ಲ. ಬಿಸಿಲಿಗೆ ಗಾಳಿ ತೆಳುವಾದರೆ ರೆಕ್ಕೆಗೂ ಎಂಜಿನ್‌ಗೂ ಬಲ ಕಮ್ಮಿ. ಭಾರ ಹೆಚ್ಚಿದಷ್ಟೂ ಓಟ ಉದ್ದ ಬೇಕು, ಆದರೆ ರನ್‌ವೇ ಇರೋದು ಇದ್ದಷ್ಟೇ.

ಅರ್ಧ ರನ್‌ವೇ ಮುಗಿಯುವಷ್ಟರಲ್ಲಿ ಬೇಕಾದ ವೇಗದ ಶೇ. 70 ಬರದಿದ್ದರೆ ಬ್ರೇಕ್ ಹಾಕು. ಸಣ್ಣ ವಿಮಾನದ ಪೈಲಟ್‌ಗಳಿಗೆ ಹೇಳಿಕೊಡುವ ನಿಯಮ ಇದು. ದೊಡ್ಡ ಏರ್‌ಪೋರ್ಟ್‌ನಲ್ಲಿ ಲಗೇಜ್ ತೂಗ್ತಾರೆ, ಅಗ್ನಿಶಾಮಕ ವಾಹನ ಕಾದಿರುತ್ತೆ. ಖಾಸಗಿ ಮಣ್ಣಿನ ರನ್‌ವೇಯಲ್ಲಿ ಸಾಮಾನ್ಯವಾಗಿ ಬೇಡ ಅನ್ನೋಕೆ ಪೈಲಟ್ ಒಬ್ಬನೇ. ಓವರ್‌ಲೋಡ್ ಲಾರಿ ಏರು ಹತ್ತದಿದ್ದರೆ ಇಳಿಸಿ ಮತ್ತೆ ಹೊರಡಬಹುದು. ವಿಮಾನಕ್ಕೆ ಆ ಅವಕಾಶ ಕೆಲವೇ ಸೆಕೆಂಡು.