ಮೂರ್ಛೆ ಆಪರೇಷನ್: ಭೂಲ್ ಕೊಡುವ ವೈದ್ಯರಿಗೆ ತಾಯಿಯ ಮಾತು ಮುಟ್ಟಲಿ

ಜತ್ತ, ಅಕ್ಕಲಕೋಟ ಭಾಗದ ಕನ್ನಡ ಮನೆಗಳಲ್ಲಿ ಮಗುವಿಗೆ ಫಿಟ್ಸ್ ಬಂದರೆ ಮಿರಜ ಇಲ್ಲವೇ ಸೊಲ್ಲಾಪುರಕ್ಕೆ ಓಡುವುದು ರೂಢಿ. ಸರಿಯಾದ ಎರಡು ಔಷಧಿ ಕೊಟ್ಟರೂ ಫಿಟ್ಸ್ ನಿಲ್ಲದಿದ್ದಾಗ ಕೆಲವು ಮಕ್ಕಳಿಗೆ ಮೆದುಳಿನ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್, ಮುಂಬಯಿಯ ದೊಡ್ಡ ಆಸ್ಪತ್ರೆಗಳಲ್ಲಿ ಈ ಸೌಲಭ್ಯ ಇದೆ. ಆಪರೇಷನ್ ಎಂದ ಕೂಡಲೇ ಸರ್ಜನ್ ಯಾರು ಎಂದು ಎಲ್ಲರೂ ಕೇಳುತ್ತಾರೆ. ಭೂಲ್ ಕೊಡುವವರು, ಅಂದರೆ ಅರಿವಳಿಕೆ ವೈದ್ಯರು ಯಾರು ಎಂದು ಕೇಳುವವರು ಕಡಿಮೆ. ‘ಸೂಜಿ ಮಾಡಿ ಮಲಗಸ್ತಾರ, ಅಷ್ಟ’ ಎಂಬ ಭಾವನೆ.

ಈ ಆಪರೇಷನ್‌ನಲ್ಲಿ ಅದು ಅಷ್ಟು ಸರಳವಲ್ಲ. ಫಿಟ್ಸ್ ಹುಟ್ಟುವ ಜಾಗ ಎಲ್ಲಿಯವರೆಗಿದೆ ಎಂದು ತಿಳಿಯಲು ಹಲವು ಸಲ ಮೆದುಳಿನ ಮೇಲೆಯೇ ತೆಳು ಪಟ್ಟಿ ಇಟ್ಟು ವಿದ್ಯುತ್ ಅಲೆ ಅಳೆಯುತ್ತಾರೆ. ಅರಿವಳಿಕೆ ಹೆಚ್ಚಾದರೆ ಆ ಜಾಗವೂ ಮಲಗಿಬಿಡುತ್ತದೆ, ಗುರುತು ಸಿಗದು. ಮಿಡಾಜೋಲಾಮ್ ಫಿಟ್ಸ್ ಅಡಗಿಸುವ ಔಷಧಿ. ಹಾಗಾಗಿ ಅಲೆ ಅಳೆಯುವುದಿದ್ದರೆ ಅದನ್ನು ಸಾಮಾನ್ಯವಾಗಿ ದೂರ ಇಡುತ್ತಾರೆ. ಸೆವೊಫ್ಲುರೇನ್ ಅನಿಲ ಹೆಚ್ಚಾದರೆ ಇಲ್ಲದ ಕಡೆಯೂ ಫಿಟ್ಸಿನ ಅಲೆ ತೋರಬಹುದು. ದೊಡ್ಡವರನ್ನು ಎಚ್ಚರ ಇಟ್ಟು, ಮಾತಾಡಿಸುತ್ತ ಆಪರೇಷನ್ ಮಾಡಬಹುದು. ಚಿಕ್ಕ ಮಗುವಿಗೆ ಅದು ಆಗದ ಮಾತು.

ಮಗು ಮೊದಲಿನಿಂದ ಏನು ತಗೊಳ್ಳುತ್ತಿದೆ ಎಂಬುದೂ ಮುಖ್ಯ. ಫೆನಿಟಾಯಿನ್, ಕಾರ್ಬಮಜೆಪೈನ್ ಬಹಳ ದಿನ ತಗೊಂಡ ಮಗುವಿಗೆ ಸ್ನಾಯು ಸಡಿಲಿಸುವ ಕೆಲವು ಔಷಧಿಗಳ ಪರಿಣಾಮ ಬೇಗ ಇಳಿಯುತ್ತದೆ. ವಾಲ್‌ಪ್ರೊಯೇಟ್‌ನಿಂದ ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವುದು ಕುಂದುತ್ತದೆ. 10 ಕಿಲೋ ಮಗುವಿನ ಮೈಯಲ್ಲಿರುವ ರಕ್ತವೇ ಮುಕ್ಕಾಲು ಲೀಟರಿನಷ್ಟು. ಕೀಟೋಜೆನಿಕ್ ಪಥ್ಯದಲ್ಲಿದ್ದರೆ ಸಕ್ಕರೆ ಸಲೈನ್ ಕೊಡುವಾಗಲೂ ವಿಚಾರ ಮಾಡಬೇಕು.

ಇದೆಲ್ಲ ಗೊತ್ತಿರುವುದು ಯಾರಿಗೆ? ಮುಂಜಾನೆ, ಸಂಜೆ ಗುಳಿಗೆ ಕೊಡುವ ತಾಯಿಗೆ. ಆದರೆ ಮಹಾರಾಷ್ಟ್ರದ ಆಸ್ಪತ್ರೆಯಲ್ಲಿ ಪ್ರಶ್ನೆ ಬರುವುದು ಮರಾಠಿ, ಹಿಂದಿಯಲ್ಲಿ. ಸಂತೆಗೆ ಸಾಕಾಗುವಷ್ಟು ಮರಾಠಿ ಬಲ್ಲ ತಂದೆ ‘ಹೋ, ಹೋ’ ಎನ್ನುತ್ತಾನೆ. ಕನ್ನಡ ಮಾತ್ರ ಬಲ್ಲ ತಾಯಿ ಬಾಗಿಲ ಹೊರಗೆ ಕೂತಿರುತ್ತಾಳೆ.

ವೈದ್ಯರಿಗೆ ಪುರುಸೊತ್ತು ಎಲ್ಲಿದೆ ಎನ್ನಬಹುದು. ಹತ್ತು ನಿಮಿಷ ಸಾಕು. ಅರಿವಳಿಕೆ ತಪಾಸಣೆಗೆ ತಾಯಿಯನ್ನು ಒಳಗೆ ಕರೆಯಬೇಕು, ಕನ್ನಡ ಬಲ್ಲ ಒಬ್ಬರನ್ನು ಜೊತೆಗಿಡಬೇಕು. ಗಡಿಭಾಗದ ಆಸ್ಪತ್ರೆಗಳು ಕನ್ನಡದಲ್ಲೂ ಪ್ರಶ್ನೆಪಟ್ಟಿ ಇಟ್ಟರೆ ಖರ್ಚು ಒಂದು ಹಾಳೆ ಮಾತ್ರ. ಪಾಲಕರೂ ಗುಳಿಗೆಯ ಚೀಟಿ, ಹೊತ್ತು, ಮೊಬೈಲಿನಲ್ಲಿ ಹಿಡಿದ ಫಿಟ್ಸಿನ ವಿಡಿಯೊ ಒಯ್ಯಬೇಕು. ಆಪರೇಷನ್ ದಿನದ ಮುಂಜಾನೆ ಗುಳಿಗೆ ಕೊಡಬೇಕೋ ಬೇಡವೋ, ಕೇಳಿಯೇ ಮುಂದುವರಿಯಬೇಕು. ಕೇಳಿದರೆ ವೈದ್ಯರಿಗೆ ಅಗೌರವ ಆಗುವುದಿಲ್ಲ. ಕೇಳದಿದ್ದರೆ ತೊಂದರೆ ಮಗುವಿಗೆ.