ತೋಟ ಅಡವಿಡುವ ಮುನ್ನ

ಕಳೆದ ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗಳೊಂದಿಗೆ ಮನೆಗೆ ಬಂದಿದ್ದ. ಹುಡುಗಿ ದ್ವಿತೀಯ ಪಿ.ಯು.ಸಿ. ಮುಗಿಸಿದ್ದಾಳೆ. "ಸಾರ್, ಇವಳಿಗೆ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್‌ಗೆ ಹೋಗಬೇಕಂತೆ. ಅದೇ ಹೆಸರಿನ ಪದವಿ ಇದೆ, ಮೂರು ವರ್ಷಕ್ಕೆ ಹನ್ನೆರಡು ಲಕ್ಷ. ಅಡಿಕೆ ತೋಟದ ಮೇಲೆ ಸಾಲ ತೆಗೆಯಲೇ?" ಎಂದ.

ಇದು ನಾವು ಪಾಸ್‌ಬುಕ್ ಹಿಡಿದು ಹೋಗುವ ಬ್ಯಾಂಕಲ್ಲ. ಕಂಪೆನಿಯೊಂದು ಷೇರು, ಬಾಂಡ್ ಮಾರಿ ಬಂಡವಾಳ ಎತ್ತುವಾಗ ಅಥವಾ ಇನ್ನೊಂದು ಕಂಪೆನಿಯನ್ನು ಕೊಳ್ಳುವಾಗ ಬೆಲೆ ಕಟ್ಟಿ, ದಾಖಲೆ ಸಿದ್ಧಪಡಿಸಿ, ಹಣ ಹೂಡುವವರನ್ನು ಹುಡುಕಿಕೊಡುವ ಕೆಲಸ ಇದು. 1993ರಲ್ಲಿ ಬೆಂಗಳೂರಿನ ಇನ್ಫೋಸಿಸ್ 95 ರೂಪಾಯಿಗೊಂದರಂತೆ ಷೇರು ಮಾರಲು ಹೊರಟಾಗ ಕೊಳ್ಳುವವರು ಸಾಕಷ್ಟು ಬರಲಿಲ್ಲ. ಆಗ ಕೈಹಿಡಿದದ್ದು ಅಮೆರಿಕದ ಮಾರ್ಗನ್ ಸ್ಟಾನ್ಲಿ. ಬೆಲೆ ಕಟ್ಟುವುದು ಎಷ್ಟು ನಾಜೂಕಿನ ಕೆಲಸ ನೋಡಿ!

ಇದಕ್ಕೆ ಅದೇ ಹೆಸರಿನ ಪದವಿ ಆಗಬೇಕೆಂದಿಲ್ಲ. ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಬಿ.ಕಾಂ. ಜೊತೆಗೆ ಸಿ.ಎ. ಇನ್ನೊಂದು, ಯಾವುದಾದರೂ ಪದವಿ ಪಡೆದು, ಕ್ಯಾಟ್ ಪರೀಕ್ಷೆ ಬರೆದು, ಐ.ಐ.ಎಂ.ನಂಥ ಒಳ್ಳೆಯ ಸಂಸ್ಥೆಯಲ್ಲಿ ಎಂ.ಬಿ.ಎ. ಕ್ಯಾಟ್‌ಗೆ ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇ. 50 ಅಂಕ ಸಾಕು. ವಿಷಯ ಯಾವುದಾದರೂ ಸರಿ. ಗಣಿತ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ಇಂಜಿನಿಯರಿಂಗ್ ಓದಿದವರೂ ಈ ದಾರಿ ಹಿಡಿಯುತ್ತಾರೆ.

ಸಿ.ಎ. ಸುಲಭವಲ್ಲ, ಅನೇಕರು ಒಂದೇ ಸಲಕ್ಕೆ ಪಾಸಾಗುವುದಿಲ್ಲ. ಕೈಯಲ್ಲಿ ಬಿ.ಕಾಂ. ಇದ್ದರೆ ಬೇರೆ ದಾರಿ ತೆರೆದಿರುತ್ತದೆ. ಇನ್ನೊಂದು ಎಚ್ಚರಿಕೆ: ವಿದೇಶಿ ಬ್ಯಾಂಕುಗಳ ಬೆಂಗಳೂರು ಕಚೇರಿಗಳಲ್ಲಿ ಸಾಫ್ಟ್‌ವೇರ್, ಲೆಕ್ಕಪತ್ರಗಳ ಹುದ್ದೆಗಳೇ ಹೆಚ್ಚು. ಅವೂ ಒಳ್ಳೆಯವೇ, ಆದರೆ ಮೇಲೆ ಹೇಳಿದ ಕೆಲಸ ಹೆಚ್ಚಾಗಿ ನಡೆಯುವುದು ಮುಂಬಯಿಯಲ್ಲಿ. "ನಮ್ಮವರಿಗೆ ಅಂಥ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದೆ" ಎಂದು ಕಾಲೇಜಿನವರು ಹೇಳಿದರೆ, "ಯಾವ ಹುದ್ದೆ?" ಎಂದು ಕೇಳಿ.

ನನ್ನದೂ ಒಂದು ತಪ್ಪೊಪ್ಪಿಗೆ. ಲೆಕ್ಕದಲ್ಲಿ ಚುರುಕಾಗಿದ್ದ ಹುಡುಗನೊಬ್ಬ ಕಾಮರ್ಸ್ ಸೇರಿದಾಗ, "ದಡ್ಡರು ಹೋಗುವ ಕಡೆ ನೀನೇಕಯ್ಯಾ?" ಎಂದು ಗದರಿದ್ದೆ. ಅವನಿಂದು ಸಿ.ಎ.; ಕಂಪೆನಿಗಳ ಬೆಲೆ ಕಟ್ಟುತ್ತಾನೆ. ಎದುರಿಗೆ ಸಿಕ್ಕಾಗಲೆಲ್ಲ ಆ ಮಾತು ನನ್ನನ್ನು ಚುಚ್ಚುತ್ತದೆ.

ಹುಡುಗಿಗೆ ಹೇಳಿದೆ: "ಯಾವುದಾದರೂ ಕಂಪೆನಿಯ ವಾರ್ಷಿಕ ವರದಿ ಹದಿನೈದು ದಿನ ಓದಮ್ಮ. ಅರ್ಥವಾಗದಿದ್ದರೂ ಚಿಂತೆಯಿಲ್ಲ. ಮತ್ತೂ ಓದಬೇಕೆನಿಸಿದರೆ ನಮ್ಮೂರ ಕಾಲೇಜಿನಲ್ಲೇ ಬಿ.ಕಾಂ. ಸೇರಿ, ಸಿ.ಎ. ಫೌಂಡೇಶನ್‌ಗೆ ಹೆಸರು ನೋಂದಾಯಿಸು."

ಅವಳಪ್ಪನಿಗೆ ಹೇಳಿದ್ದು ಇಷ್ಟೇ: "ತೋಟ ಹಾಗೇ ಇರಲಿ ಕಣಯ್ಯಾ. ನಾಳೆ ಎಂ.ಬಿ.ಎ. ಸೀಟು ಸಿಕ್ಕರೆ ಆಗ ಬೇಕಾದೀತು."