ಮುಖಸೌಂದರ್ಯದ ವ್ಯಾಪಾರ

ಕೆಂಕೆರೆಯ ಕಡೆಯ ಗೃಹಸ್ಥರಿಗೆ ಕೊಬ್ಬರಿಯ ಮರ್ಮವನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಕಾಯಿ ಅಟ್ಟದ ಮೇಲೆ ಹೆಚ್ಚುಕಡಮೆ ಒಂದು ವರ್ಷ ಕುಳಿತು, ನೀರಾರಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾದ ಮೇಲೆಯೇ ತಿಪಟೂರಿನ ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆ. ಕಾಯಿಯಲ್ಲಿ ಕಾಲದ ಕೆಲಸವನ್ನು ಗುಣವೆಂದೆಣಿಸುವ ನಾಡಿನವರು ಮುಖದಲ್ಲಿ ಅದನ್ನೇ ರೋಗವೆಂದು ಹೇಳುವ ಜಾಹೀರಾತಿಗೆ ಕಿವಿಗೊಡುವುದು ವಿಪರೀತವಲ್ಲವೆ?

ದೋಷವು ಶಾಸ್ತ್ರದ್ದಲ್ಲ. ಹರಿದ ಮೂಗನ್ನು ಕಟ್ಟುವ ಕ್ರಮವನ್ನು ಸುಶ್ರುತಸಂಹಿತೆಯೇ ಹೇಳಿದೆ. ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಕೌಸಜಿಯು 1792ರ ಯುದ್ಧದಲ್ಲಿ ಟಿಪ್ಪುವಿನವರಿಗೆ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡನೆಂದೂ, ಅನಂತರ ಪುಣೆಯ ಬಳಿ ಹಣೆಯ ಚರ್ಮದಿಂದ ಅವನಿಗೆ ಮೂಗನ್ನು ಕಟ್ಟಲಾಯಿತೆಂದೂ 1794ರಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪ್ರಕಟಿಸಿತು. ಆ ವಿಧಾನವನ್ನನುಸರಿಸಿ ಕಾರ್ಪ್ಯೂ ಎಂಬ ವೈದ್ಯನು 1814ರಲ್ಲಿ ಅಲ್ಲಿ ಶಸ್ತ್ರಕ್ರಿಯೆ ನಡೆಸಿದನು. ಸುಟ್ಟ ಮುಖಕ್ಕೆ, ಸೀಳುತುಟಿಯ ಶಿಶುವಿಗೆ ಈ ವಿದ್ಯೆಯು ಇಂದಿಗೂ ವರವೇ ಸರಿ.

ಆದರೆ ಕೆಡದ ಮುಖಕ್ಕೆ ಕತ್ತಿ ಏತಕ್ಕೆ? ಬೊಟಾಕ್ಸ್ ಎಂಬುದು ನರದ ಆಜ್ಞೆ ಸ್ನಾಯುವಿಗೆ ಮುಟ್ಟದಂತೆ ತಡೆಯುವ ವಿಷ. ಸ್ನಾಯು ಸಡಿಲಿ ನೆರಿಗೆ ಅಡಗುತ್ತದೆ. ಮೂರು ನಾಲ್ಕು ತಿಂಗಳಿಗೆ ಅದರ ಪ್ರಭಾವ ಇಳಿಯುವುದರಿಂದ ಗಿರಾಕಿಯು ಮರಳಿ ಬರಲೇಬೇಕು. ತುಟಿ ಕೆನ್ನೆಗಳನ್ನುಬ್ಬಿಸುವ ಫಿಲ್ಲರ್ ರಕ್ತನಾಳವನ್ನು ಹೊಕ್ಕರೆ ಚರ್ಮ ಸಾಯುವುದು. ಅಪರೂಪಕ್ಕೆ ಕಣ್ಣೇ ಹೋಗುವುದು. ಮುಖದಾಚೆಗೂ ಈ ಮೋಹ ಹಬ್ಬಿದೆ: 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆಯ ನಟಿಯೊಬ್ಬಳು ಕೊಬ್ಬು ತೆಗೆಸುವ ಶಸ್ತ್ರಕ್ರಿಯೆಯ ಬಳಿಕ ಪ್ರಾಣಬಿಟ್ಟಳು. ಯೂಟ್ಯೂಬ್ ನೋಡಿ ಕಲಿತ ವಿದ್ಯೆ ಇಂತಹ ಚಿಕಿತ್ಸೆಗೆ ಸಾಲದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು ಅದೇ ವರ್ಷ ಹೇಳಬೇಕಾಗಿ ಬಂದುದೇ ವ್ಯಾಪಾರದ ಸ್ಥಿತಿಯನ್ನು ಸಾರುತ್ತದೆ.

‘ಮುಖ ಅವರದು, ಹಣ ಅವರದು, ಉಳಿದವರಿಗೇನು?’ ಎಂದು ಕೆಲವರು ವಾದಿಸುವರು. ಇಚ್ಛೆಯು ಸ್ವಂತದ್ದಾಗಿದ್ದರೆ ಆ ವಾದಕ್ಕೆ ಬೆಲೆಯಿದ್ದೀತು. ಕಪ್ಪು ಬಣ್ಣವನ್ನು ಕುಂದೆಂದು ಸಾರುತ್ತ 1975ರಿಂದ ಮಾರಾಟವಾದ ಕ್ರೀಮು 2020ರಲ್ಲಿ ‘ಫೇರ್’ ಎಂಬ ಹೆಸರನ್ನು ಬಿಟ್ಟಿತು; ಅದು ಬಿತ್ತಿದ ನಾಚಿಕೆ ಮನೆಗಳನ್ನು ಬಿಡಲಿಲ್ಲ. ಹೆಣ್ಣು ನೋಡಲು ಬಂದವರು ‘ಮೂಗು ಸ್ವಲ್ಪ ಮೊಂಡು’ ಎಂದು ಹೋದ ಮರುದಿನ ಹುಡುಗಿಯು ಶಸ್ತ್ರಕ್ರಿಯೆಗೆ ಒಪ್ಪಿದರೆ ಅದು ಅವಳ ಇಚ್ಛೆಯೆ? ಬಂದವರ ತೀರ್ಪಿಗೆ ಅವಳು ತೆತ್ತ ದಂಡವದು.

ವೈದ್ಯನ ನೋಂದಣಿಯನ್ನೂ ತರಬೇತಿಯನ್ನೂ ವಿಚಾರಿಸುವುದು ವಿವೇಕ. ಅದಕ್ಕಿಂತ ಮೊದಲು ಮನೆಯ ಹಿರಿಯರು ಮಾಡತಕ್ಕ ಕೆಲಸವೊಂದಿದೆ: ಮಕ್ಕಳ ಮುಂದೆ ಅವರ ಬಣ್ಣವನ್ನೂ ಮೂಗನ್ನೂ ತೂಗಿ ನೋಡುವ ನಾಲಗೆಯನ್ನು ಬಿಗಿಹಿಡಿಯುವುದು. ಇದಕ್ಕೆ ಕಾಸಿನ ವೆಚ್ಚವಿಲ್ಲ, ಅರಿವಳಿಕೆಯೂ ಬೇಕಿಲ್ಲ.